ಗಾಳಿ, ಬೆಳಕು, ಕಾವೇರಿ: ಬಾಡಿಗೆದಾರನ ಹಕ್ಕುಗಳ ಶಾಸ್ತ್ರೀಯ ವಿವೇಚನೆ

ಬಾಡಿಗೆ ಮನೆಯೊಂದು ಮೂರು ಹಂತಗಳಲ್ಲಿ ಅಸ್ತಿತ್ವಕ್ಕೆ ಬರುತ್ತದೆ. ಗೇಟಿಗೆ ತಂತಿಯಲ್ಲಿ ಬಿಗಿದ ಟು-ಲೆಟ್ ಫಲಕದಲ್ಲಿ ಅದು ಹುಟ್ಟುತ್ತದೆ, ಬ್ರೋಕರರ ಬಾಯಲ್ಲಿ ಬೆಳೆಯುತ್ತದೆ, ಛಾಪಾ ಕಾಗದದ ಮೇಲೆ ಸ್ಥಿರಗೊಳ್ಳುತ್ತದೆ. ಇವುಗಳ ಜತೆಗೆ ಇಟ್ಟಿಗೆ ಸಿಮೆಂಟಿನ ಮನೆಯೂ ಒಂದಿರುವುದುಂಟು. ಆದರೆ ಅದಕ್ಕೂ ಮೇಲಿನ ಮೂರಕ್ಕೂ ಇರುವ ನಂಟು, ಮದುವೆ ಮುಂಜಿಗಳಲ್ಲಿ ಮಾತ್ರ ನೆನಪಾಗುವ ದಾಯಾದಿಗಳ ನಂಟಿನಂಥದು.

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 105ನೇ ಕಲಂ ಪ್ರಕಾರ, ಬೆಲೆಗೆ ಪ್ರತಿಯಾಗಿ ಸ್ಥಿರಾಸ್ತಿಯೊಂದನ್ನು ಅನುಭವಿಸುವ ಹಕ್ಕನ್ನು ವರ್ಗಾಯಿಸುವುದೇ ಗೇಣಿ ಅಥವಾ ಬಾಡಿಗೆ. ಅನುಭವ ಎಂಥದ್ದಾಗಿರಬೇಕೆಂದು ಕಲಂ ಹೇಳಿಲ್ಲ. ಬೆಂಗಳೂರಿನ ಬಾಡಿಗೆದಾರರು ಈ ಕೊರತೆಯನ್ನು ಅಂದಿನಿಂದಲೂ ಸ್ವಂತ ಖರ್ಚಿನಲ್ಲಿ ತುಂಬಿಕೊಡುತ್ತ ಬಂದಿದ್ದಾರೆ. ಹೇಳಿದ ಮನೆ ಒಂದು, ಕೊಟ್ಟ ಮನೆ ಇನ್ನೊಂದು ಆದಾಗ ಅವರಿಗಿರುವ ಹಕ್ಕುಗಳು ಯಾವುವು ಎಂಬುದು ಇಲ್ಲಿಯ ವಿಷಯ. ಹಕ್ಕುಗಳಿಗೆ ಕೊರತೆಯಿಲ್ಲವೆಂಬುದನ್ನು ಆರಂಭದಲ್ಲೇ ಸ್ಪಷ್ಟಪಡಿಸಬೇಕು. ಅವು 1872ರ ಕರಾರು ಅಧಿನಿಯಮದಲ್ಲಿವೆ, 1882ರದರಲ್ಲಿವೆ, ಆಮೇಲಿನ ಹಲವು ಕಾಯ್ದೆಗಳಲ್ಲೂ ಇವೆ. ಇವುಗಳ ಕರಡು ಬರೆದವರಲ್ಲಿ ಯಾರಾದರೂ 20×30 ನಿವೇಶನದ ಮೂರನೇ ಮಹಡಿಯಲ್ಲಿ ವಾಸವಾಗಿದ್ದರೆಂಬುದಕ್ಕೆ ಮಾತ್ರ ದಾಖಲೆ ಇಲ್ಲ.

ಕರಾರು ಅಧಿನಿಯಮವು ಅಸತ್ಯವನ್ನು ಎರಡಾಗಿ ವಿಂಗಡಿಸುತ್ತದೆ. ಸುಳ್ಳೆಂದು ತಿಳಿದೇ ಹೇಳಿದರೆ ಅದು 17ನೇ ಕಲಮಿನ ವಂಚನೆ. ನಿಜವೆಂದು ನಂಬಿಕೊಂಡು, ಆಧಾರವಿಲ್ಲದೆ, ನಿಜವಲ್ಲದ್ದನ್ನು ಖಚಿತವಾಗಿ ಹೇಳಿದರೆ ಅದು 18ನೇ ಕಲಮಿನ ತಪ್ಪು ನಿರೂಪಣೆ. ವ್ಯತ್ಯಾಸವಿರುವುದು ಹೇಳುವವನ ಅಂತರಂಗದಲ್ಲಿ. ಸ್ವಂತ ಮನೆಯ ವಿಷಯದಲ್ಲಿ ಮಾಲೀಕರ ಅಂತರಂಗ ಸಾಮಾನ್ಯವಾಗಿ ನಿರ್ಮಲವಾಗಿರುತ್ತದೆ. ಒಂಬತ್ತು ಅಡಿಗೆ ಎಂಟು ಅಡಿಯ ಕೋಣೆಯನ್ನು ಅವರು ಮಾಸ್ಟರ್ ಬೆಡ್‌ರೂಮ್ ಎಂದು ಕರೆಯುವುದು ಕಪಟದಿಂದಲ್ಲ, ವಾತ್ಸಲ್ಯದಿಂದ. ಹೀಗಾಗಿ ಬಹುಪಾಲು ಪ್ರಕರಣಗಳು 18ನೇ ಕಲಮಿನ ವ್ಯಾಪ್ತಿಗೆ ಬರುತ್ತವೆ. ಬ್ರೋಕರರ ಅಂತರಂಗದ ಬಗ್ಗೆ ಪ್ರತ್ಯೇಕ ಅಧ್ಯಯನ ಆಗಬೇಕಿದೆ.

ಇನ್ನು, ಹೇಳಿಕೆಯು ಸಂಗತಿಯೋ ಅಭಿಪ್ರಾಯವೋ ಎಂಬುದನ್ನು ಮೊದಲು ಇತ್ಯರ್ಥಪಡಿಸಬೇಕು. ಅಭಿಪ್ರಾಯಕ್ಕಾಗಿ ಯಾರನ್ನೂ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. 'ಗಾಳಿ ಬೆಳಕು ಚೆನ್ನಾಗಿದೆ' ಎಂಬ ವಾಕ್ಯವು ಮೇಲ್ನೋಟಕ್ಕೆ ಅಭಿಪ್ರಾಯ. ಆದರೆ 1884ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ಒಂದು ಹೋಟೆಲು ಮಾರಾಟದ ಮೊಕದ್ದಮೆಯಲ್ಲಿ ಮಹತ್ವದ ತತ್ತ್ವವೊಂದನ್ನು ಪ್ರತಿಪಾದಿಸಿತು. ಸಂಗತಿಗಳು ಒಬ್ಬನಿಗೆ ಚೆನ್ನಾಗಿ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದಾಗ, ಗೊತ್ತಿದ್ದವನು ಹೇಳುವ ಅಭಿಪ್ರಾಯದ ಒಡಲಲ್ಲಿ ಸಂಗತಿಯೂ ಅಡಗಿರುತ್ತದೆ ಎಂಬುದು ಅದರ ಸಾರ. ಆ ಪ್ರಕರಣದಲ್ಲಿ ಹೋಟೆಲಿನ ಬಾಡಿಗೆದಾರನನ್ನು ಅತ್ಯಂತ ಅಪೇಕ್ಷಣೀಯ ವ್ಯಕ್ತಿ ಎಂದು ಮಾರಾಟಗಾರರು ವರ್ಣಿಸಿದ್ದರು. ಆತ ಬಾಡಿಗೆಯನ್ನು ಚೂರು ಚೂರಾಗಿ, ಒತ್ತಾಯದ ಮೇಲೆ ಕೊಡುತ್ತಿದ್ದ. ಮಾಲೀಕರು ಬಾಡಿಗೆದಾರನನ್ನು ಅತಿಯಾಗಿ ಹೊಗಳಿ ಕಾನೂನಿನ ತೊಂದರೆಗೆ ಸಿಲುಕಿದ ಇಂಥ ಪ್ರಸಂಗ ಆಮೇಲೆ ಮರುಕಳಿಸಿದಂತೆ ಕಾಣುವುದಿಲ್ಲ.

ಈ ತತ್ತ್ವವನ್ನು ಗಾಳಿ ಬೆಳಕಿಗೆ ಅನ್ವಯಿಸೋಣ. ಕಿಟಕಿಯಿಂದ ಎರಡು ಅಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ ನಿಂತಿದೆ ಎಂಬುದು ಮಾಲೀಕರಿಗೆ ತಿಳಿದಿರುತ್ತದೆ. ಆ ಸಂದಿಯಲ್ಲಿ ಗಾಳಿ ಇಲ್ಲವೆನ್ನಲಾಗದು. ಅದು ಬೆಳಗ್ಗೆ ಏಳೂವರೆಯ ಸುಮಾರಿಗೆ ಎದುರು ಅಡುಗೆಮನೆಯ ಒಗ್ಗರಣೆಯ ರೂಪದಲ್ಲಿ ಬರುತ್ತದೆ ಮತ್ತು ಅಂದು ಪಕ್ಕದವರ ಮನೆಯಲ್ಲಿ ಹುಳಿಯೋ ಸಾರೋ ಎಂಬ ಮಾಹಿತಿಯನ್ನೂ ಒದಗಿಸುತ್ತದೆ. ಬೆಳಕಿನ ಪ್ರಶ್ನೆ ಖಗೋಳ ವಿಜ್ಞಾನಕ್ಕೆ ಸೇರಿದ್ದು. ಬೆಂಗಳೂರಿನ ಅಕ್ಷಾಂಶದಲ್ಲಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ನಡುಹಗಲ ಸೂರ್ಯ ನೆತ್ತಿಯ ನೇರಕ್ಕೆ ಬಂದು ನೆರಳು ಕಾಲಡಿಗೆ ಸೇರುತ್ತದೆ. ಆ ದಿನಗಳಲ್ಲಿ ಎರಡಡಿ ಸಂದಿಗೂ ಬಿಸಿಲು ನೇರವಾಗಿ ಇಳಿಯುತ್ತದೆ. ಹನ್ನೊಂದು ತಿಂಗಳ ಕರಾರು ಯಾವ ತಿಂಗಳಲ್ಲಿ ಆರಂಭವಾದರೂ ಈ ಎರಡರಲ್ಲಿ ಒಂದು ದಿನವಾದರೂ ಅದರೊಳಗೆ ಬಂದೇ ಬರುತ್ತದೆ. ಹಾಗಾಗಿ ಬೆಳಕಿದೆ ಎಂಬ ಹೇಳಿಕೆಯನ್ನು ಸುಳ್ಳೆಂದು ಸಾಬೀತುಪಡಿಸುವುದು ಕಷ್ಟ. ಮೋಡ ಮುಚ್ಚಿದ್ದರೆ ಅದನ್ನು ದೈವಘಟನೆ ಎಂದು ಪರಿಗಣಿಸಬೇಕಾಗುತ್ತದೆ.

'24 ಗಂಟೆ ಕಾವೇರಿ ನೀರು' ಎಂಬುದು ಇದಕ್ಕಿಂತ ಗಹನವಾದ ಹೇಳಿಕೆ. ನಗರದ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ ಕ್ರಮಿಸಿ, ದಾರಿಯಲ್ಲಿ ಪಂಪುಗಳಿಂದ ಮೇಲೆತ್ತಿಸಿಕೊಂಡು ಬರುತ್ತದೆ. ಅಕ್ಟೋಬರ್ 2024ರಲ್ಲಿ ಉದ್ಘಾಟನೆಗೊಂಡ ಐದನೇ ಹಂತವು ದಿನಕ್ಕೆ 775 ದಶಲಕ್ಷ ಲೀಟರನ್ನು, ಮುಖ್ಯವಾಗಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ, ಹೆಚ್ಚುವರಿಯಾಗಿ ತರುವ ಯೋಜನೆ. ಇಷ್ಟು ದೂರ ಬಂದ ನೀರು ಸಂಪಿನಿಂದ ಮೂರನೇ ಮಹಡಿಗೆ ಹತ್ತಲು ಮಾಲೀಕರ ಮೋಟರನ್ನು ಅವಲಂಬಿಸಿದೆ ಮತ್ತು ಮೋಟರಿನ ಸ್ವಿಚ್ಚು ಅವರ ಅಡುಗೆಮನೆಯೊಳಗಿದೆ. ಜಾಹೀರಾತಿನ ಹೇಳಿಕೆ ಅಕ್ಷರಶಃ ನಿಜವೇ. ಕಾವೇರಿ 24 ಗಂಟೆಯೂ ಹರಿಯುತ್ತಾಳೆ. ಎಲ್ಲಿ ಎಂಬುದನ್ನು ಫಲಕದಲ್ಲಿ ಬರೆಯಲು ಸ್ಥಳವಿರಲಿಲ್ಲ. ಆದರೆ ಅರ್ಧ ಸತ್ಯವನ್ನು ಪೂರ್ಣ ಸತ್ಯವೆನಿಸುವಂತೆ ಹೇಳುವುದೂ ತಪ್ಪು ನಿರೂಪಣೆಯೇ ಎಂಬುದು ಕರಾರು ಕಾನೂನನ್ನು ಬಲ್ಲವರ ಸ್ಥಿರ ನಿಲುವು. ಇಲ್ಲಿ ಬಾಡಿಗೆದಾರನ ಸ್ಥಾನ ಗಟ್ಟಿಯಾಗಿದೆ. ಸ್ನಾನ ಮಾತ್ರ ಆಗಿಲ್ಲ.

'ಮೆಟ್ರೋಗೆ ಐದೇ ನಿಮಿಷ' ಎಂಬ ವಾಕ್ಯದಲ್ಲಿ ಕ್ರಿಯಾಪದವಿಲ್ಲದಿರುವುದನ್ನು ಗಮನಿಸಬೇಕು. ಯಾರು, ಯಾವ ವಾಹನದಲ್ಲಿ, ಎಷ್ಟು ಗಂಟೆಗೆ ಎಂಬುದೂ ಇಲ್ಲ. ನಸುಕಿನ ನಾಲ್ಕು ಗಂಟೆಗೆ ಬೈಕಿನಲ್ಲಿ, ಏಕಮುಖ ಸಂಚಾರದ ಫಲಕವನ್ನು ಎದುರು ದಿಕ್ಕಿನಿಂದ ಓದುತ್ತ ಹೋದರೆ ಈ ಸಮಯ ಸಾಧ್ಯ. 'ಮುಂದಿನ ವರ್ಷ ಮೆಟ್ರೋ ಬರುತ್ತೆ' ಎಂಬುದು ಮತ್ತೊಂದು ವರ್ಗಕ್ಕೆ ಸೇರುತ್ತದೆ. ತಪ್ಪು ನಿರೂಪಣೆ ಎಂದಾಗಬೇಕಾದರೆ ಅದು ಇರುವ ಸಂಗತಿಯ ಬಗ್ಗೆ ಇರಬೇಕು. ಭವಿಷ್ಯವಾಣಿಗೆ ಕಾನೂನು ಅನ್ವಯಿಸುವುದಿಲ್ಲ. ಇದಕ್ಕೊಂದು ಅಪವಾದವಿದೆ. ನೆರವೇರಿಸುವ ಉದ್ದೇಶವೇ ಇಲ್ಲದೆ ಕೊಟ್ಟ ವಚನವು 17ನೇ ಕಲಮಿನ ಅಡಿಯಲ್ಲಿ ನೇರವಾಗಿ ವಂಚನೆ ಎನಿಸುತ್ತದೆ. 'ಸೋಮವಾರ ಪ್ಲಂಬರ್‌ನ ಕಳಿಸ್ತೀನಿ' ಎಂಬ ಮಾತನ್ನು ನಗರದ ಎಲ್ಲ ಮಾಲೀಕರೂ ಒಮ್ಮೆಯಾದರೂ ಆಡಿರುವುದರಿಂದ ಈ ಉಪಬಂಧವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವುದು ಆಡಳಿತಾತ್ಮಕವಾಗಿ ಕಷ್ಟಸಾಧ್ಯ.

ಹೇಳಿದ ಸುಳ್ಳಿಗಿಂತ ಹೇಳದ ನಿಜವೇ ಬಾಡಿಗೆದಾರನಿಗೆ ಹೆಚ್ಚು ಬಾಧಕ. ಬರೀ ಮೌನ ವಂಚನೆಯಲ್ಲ ಎಂಬುದು 17ನೇ ಕಲಮಿನ ವಿವರಣೆ. ಇದನ್ನು ಮನದಟ್ಟು ಮಾಡಿಸಲು ಅಧಿನಿಯಮವು ಒಂದು ಕುದುರೆಯ ಉದಾಹರಣೆಯನ್ನು ಕೊಡುತ್ತದೆ. ಕುದುರೆಗೆ ದೋಷವಿದೆಯೆಂದು ಗೊತ್ತಿದ್ದೂ ಮಾರುವವನು ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಮಾರುವವನ ಮಗಳಾಗಿದ್ದು, ಅವಳು ಈಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದಿದ್ದರೆ, ದೋಷವನ್ನು ತಿಳಿಸುವುದು ಅವನ ಕರ್ತವ್ಯ. ಮನೆ ಹುಡುಕುವವರು ಈ ಉಪಬಂಧದ ಪ್ರಯೋಜನ ಪಡೆಯಲು ಮೊದಲು ಮಾಲೀಕರ ಮಗಳಾಗಿರಬೇಕು ಮತ್ತು ಹದಿನೆಂಟು ತುಂಬಿದ ವಾರದಲ್ಲೇ ಅಡ್ವಾನ್ಸ್ ಕೊಡಬೇಕು. ಅದು ಸಾಧ್ಯವಾಗದವರಿಗೆ ಅದೇ ಕಲಂ ಇನ್ನೊಂದು ದಾರಿಯನ್ನು ತೋರಿಸುತ್ತದೆ. 'ನೀವು ಅಲ್ಲವೆನ್ನದಿದ್ದರೆ ಕುದುರೆಗೆ ದೋಷವಿಲ್ಲವೆಂದು ಭಾವಿಸುತ್ತೇನೆ' ಎಂದು ಕೊಳ್ಳುವವನು ಹೇಳಿ, ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಆದುದರಿಂದ ಮನೆ ನೋಡಲು ಹೋದವರು ಹಜಾರದ ನಡುವೆ ನಿಂತು, ಮಾಲೀಕರ ಕಡೆಗೆ ತಿರುಗಿ, ಈ ಮನೆ ಸೋರುವುದಿಲ್ಲ, ಕಕ್ಕಸಿನ ಪೈಪು ಕಟ್ಟಿಕೊಳ್ಳುವುದಿಲ್ಲ, ಕೆಳಗಿನ ಅಂಗಡಿಯಲ್ಲಿ ರಾತ್ರಿ ಹನ್ನೊಂದರ ಮೇಲೆ ಗ್ರೈಂಡರು ಓಡುವುದಿಲ್ಲ, ಮೇಲಿನ ಮನೆಯ ಬಾಲಕ ತಬಲ ಕಲಿಯುತ್ತಿಲ್ಲ ಎಂದು ಒಂದೊಂದಾಗಿ ಘೋಷಿಸಿ, ಪ್ರತಿಯೊಂದರ ಬಳಿಕವೂ ಮೌನಕ್ಕೆ ಸಾಕಷ್ಟು ಅವಕಾಶ ಕೊಡತಕ್ಕದ್ದು. ಕುದುರೆ ಇದೆಯೇ ಎಂದು ವಿಚಾರಿಸುವ ಅಗತ್ಯವಿಲ್ಲ.

ಅದೃಷ್ಟವಶಾತ್ ಬಾಡಿಗೆಯ ವಿಷಯದಲ್ಲಿ 1882ರ ಅಧಿನಿಯಮವು ಮಗಳಲ್ಲದವರಿಗೂ ರಕ್ಷಣೆ ಕೊಟ್ಟಿದೆ. ಅದರ 108ನೇ ಕಲಮಿನ (ಎ) ಉಪಬಂಧದಂತೆ, ಮಾಲೀಕನಿಗೆ ತಿಳಿದಿರುವ, ಬಾಡಿಗೆದಾರನಿಗೆ ತಿಳಿಯದ, ಸಾಮಾನ್ಯ ಎಚ್ಚರಿಕೆಯಿಂದಲೂ ಪತ್ತೆಯಾಗದ ಮುಖ್ಯ ದೋಷವನ್ನು ಮಾಲೀಕನೇ ತಿಳಿಸಬೇಕು. ಬಾಡಿಗೆದಾರನ ಪಾಲಿಗೆ ಇದಕ್ಕಿಂತ ಉದಾರವಾದ ವಾಕ್ಯ ಇಡೀ ಕಾಯ್ದೆಯಲ್ಲಿಲ್ಲ. ಆದರೆ ಆ ಕಲಂ ಆರಂಭವಾಗುವುದು ವ್ಯತಿರಿಕ್ತ ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದಲ್ಲಿ ಎಂಬ ಷರತ್ತಿನಿಂದ. ಮನೆಯ ದೋಷವನ್ನು ಮಾಲೀಕರೇ ಮುಂದಾಗಿ ಹೇಳುವುದು ಬೆಂಗಳೂರಿನ ಸ್ಥಳೀಯ ರೂಢಿಯೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಕರಾರು ಅಧಿನಿಯಮದ 19ನೇ ಕಲಂ ಈ ಶಾಸ್ತ್ರದ ಹೃದಯಭಾಗ. ತಪ್ಪು ನಿರೂಪಣೆಯಿಂದ ಒಪ್ಪಿಗೆ ಕೊಟ್ಟವನು ಕರಾರನ್ನು ರದ್ದುಪಡಿಸಬಹುದು ಎಂದು ಅದು ಹೇಳುತ್ತದೆ. ಕೂಡಲೇ ಒಂದು ಅಪವಾದವನ್ನೂ ಸೇರಿಸುತ್ತದೆ: ಸಾಮಾನ್ಯ ಶ್ರದ್ಧೆಯಿಂದ ನಿಜವನ್ನು ಕಂಡುಕೊಳ್ಳುವ ಸಾಧನ ಅವನ ಕೈಯಲ್ಲಿದ್ದರೆ, ತಪ್ಪು ನಿರೂಪಣೆಯ ಮತ್ತು ಮೋಸದ ಮೌನದ ನೆಪದಲ್ಲಿ ರದ್ದು ಮಾಡುವಂತಿಲ್ಲ. ಇಲ್ಲಿ ಸಾಮಾನ್ಯ ಶ್ರದ್ಧೆ ಎಂದರೇನು? ಮನೆ ತೋರಿಸುವ ಕಾರ್ಯ ಭಾನುವಾರ ಹನ್ನೊಂದು ಗಂಟೆಗೆ, ಎಂಟು ನಿಮಿಷಗಳ ಕಾಲ ನಡೆಯುತ್ತದೆ. ಅದೇ ಮನೆಯನ್ನು ನೋಡಲು ಇನ್ನೂ ನಾಲ್ಕು ಸಂಸಾರಗಳು ಮೆಟ್ಟಿಲ ಮೇಲೆ ನಿಂತಿರುತ್ತವೆ. ಬ್ರೋಕರರು, ಈಗ ತಾನೇ ಒಬ್ಬರು ಟೋಕನ್ ಕೊಡಲು ಎಟಿಎಮ್ಮಿಗೆ ಹೋಗಿದ್ದಾರೆ ಎಂಬ ಮಾಹಿತಿಯನ್ನು ಪಿಸುಮಾತಿನಲ್ಲಿ ಒದಗಿಸುತ್ತಾರೆ. ಇಂಥ ಸನ್ನಿವೇಶದಲ್ಲಿ ನಲ್ಲಿಯನ್ನು ತಿರುಗಿಸಿ ನೋಡುವುದು ಸಾಮಾನ್ಯ ಶ್ರದ್ಧೆ, ಬಕೆಟ್ಟು ತುಂಬುವ ತನಕ ಕಾಯುವುದು ಅಸಾಮಾನ್ಯ ಶ್ರದ್ಧೆ, ಜುಲೈ ತಿಂಗಳ ಮಳೆಯ ಸಂಜೆ ಕೊಡೆ ಹಿಡಿಯದೆ ಒಳಗೆ ಎರಡು ಗಂಟೆ ಕುಳಿತುಕೊಳ್ಳುವುದು ಮಾತ್ರ ನಿರ್ಣಾಯಕ ಪರೀಕ್ಷೆ. ಮನೆಗಳನ್ನು ಬೇಸಿಗೆಯಲ್ಲಿ ಸುಣ್ಣ ಬಳಿದು ತೋರಿಸುವುದರಿಂದ ಮೂರನೆಯದಕ್ಕೆ ಅವಕಾಶ ಅಪರೂಪ. ಗೋಡೆಗೆ ಹೊಸ ಬಣ್ಣ ಬಳಿದ ಜಾಗ ಎಷ್ಟು ಅಗಲವಿದೆಯೋ ಅಷ್ಟೇ ಅಗಲದ ತೇವ ಅದರ ಹಿಂದಿದೆ ಎಂಬುದನ್ನು ಪ್ರಾಥಮಿಕ ಸಾಕ್ಷ್ಯವಾಗಿ ಸ್ವೀಕರಿಸಬಹುದು.

ನಿಜವನ್ನು ಕಂಡುಕೊಳ್ಳಲು ಇನ್ನೊಂದು ಸಾಧನವಿದೆ. ಅದು ಮನೆಯೊಳಗೇ, ಸೋಫಾದ ಮೇಲೆ ಕುಳಿತಿರುತ್ತದೆ. ಆ ಮನೆಯ ಒಂದೊಂದು ದೋಷವನ್ನೂ ಅದರ ತಿಥಿ ನಕ್ಷತ್ರಗಳ ಸಮೇತ ಬಲ್ಲ ಏಕೈಕ ವ್ಯಕ್ತಿ, ಖಾಲಿ ಮಾಡುತ್ತಿರುವ ಬಾಡಿಗೆದಾರ. ಕಾನೂನಿನ ದೃಷ್ಟಿಯಲ್ಲಿ ಆತನೇ ಸರ್ವೋತ್ತಮ ಸಾಕ್ಷಿ. ಆದರೆ ಈ ನಗರದ ಅಡ್ವಾನ್ಸ್ ವ್ಯವಸ್ಥೆಯ ಒಂದು ವೈಶಿಷ್ಟ್ಯವನ್ನು ಇಲ್ಲಿ ವಿವರವಾಗಿ ನೋಡಬೇಕು. ಆತ ಕೊಟ್ಟಿದ್ದ ಅಡ್ವಾನ್ಸ್ ಮಾಲೀಕರ ಬಳಿ ಇರುವುದಿಲ್ಲ. ಅದು ಮೇಲಿನ ಮಹಡಿಯ ತಾರಸಿಯಾಗಿ, ಮಗಳ ಮದುವೆಯ ಛತ್ರದ ಬಾಡಿಗೆಯಾಗಿ ರೂಪಾಂತರ ಹೊಂದಿರುತ್ತದೆ. ಆತನಿಗೆ ಅದು ಮರಳುವುದು ಹೊಸ ಬಾಡಿಗೆದಾರ ಕೊಡುವ ಅಡ್ವಾನ್ಸಿನಿಂದ. ಹೀಗಾಗಿ ಹೊಸಬನು 'ನೀರು ಹೇಗೆ ಸಾರ್?' ಎಂದು ಕೇಳಿದಾಗ, ಆ ಪ್ರಶ್ನೆಯ ಉತ್ತರಕ್ಕೆ ಒಂದೂವರೆಯಿಂದ ಮೂರು ಲಕ್ಷ ರೂಪಾಯಿಯ ಬೆಲೆ ಇರುತ್ತದೆ. 'ನೀರಿಗೇನೂ ತೊಂದ್ರೆ ಇಲ್ಲ' ಎಂದು ಆತ ಹೇಳುತ್ತಾನೆ. ಹೇಳುವಾಗ ಆತನ ಹೆಂಡತಿ ಒಳಗೆ ಹೋಗುತ್ತಾಳೆ. ಹನ್ನೊಂದು ತಿಂಗಳೋ ಇಪ್ಪತ್ತೆರಡು ತಿಂಗಳೋ ಕಳೆದ ಮೇಲೆ ಹೊಸಬನೂ ಅದೇ ಮೂಲೆಯಲ್ಲಿ ಕುಳಿತು, ಅದೇ ವಾಕ್ಯವನ್ನು, ಬಹುಶಃ ಇನ್ನಷ್ಟು ಆತ್ಮವಿಶ್ವಾಸದಿಂದ ಉಚ್ಚರಿಸುತ್ತಾನೆ. ತಪ್ಪು ನಿರೂಪಣೆಯ ಸಂತ್ರಸ್ತನೇ ಅದರ ಕರ್ತೃವೂ ಆಗುವ ಈ ವ್ಯವಸ್ಥೆಯಲ್ಲಿ ಮಾಲೀಕರು ಒಂದೂ ಮಾತಾಡಬೇಕಾಗಿಲ್ಲ. ಮೇಲೆ ಹೇಳಿದ 17ನೇ ಕಲಮಿನ ವಿವರಣೆ ಅವರಿಗೆ ಇಲ್ಲಿ ಪೂರ್ಣವಾಗಿ ಒದಗಿಬರುತ್ತದೆ.

ಪೀಠೋಪಕರಣ ಸಹಿತ ಮನೆಗಳ ವಿಷಯದಲ್ಲಿ 1843ರ ಬ್ರೈಟನ್ ಪ್ರಕರಣ ಉಲ್ಲೇಖನೀಯ. ಸರ್ ಪದವಿಯ ಗೃಹಸ್ಥನೊಬ್ಬ ಆ ಕಡಲ ತೀರದ ಊರಿನಲ್ಲಿ ಪೀಠೋಪಕರಣವಿದ್ದ ಮನೆಯನ್ನು ವಾರದ ಬಾಡಿಗೆಗೆ ಹಿಡಿದ. ಒಳಗೆ ತಿಗಣೆಗಳಿದ್ದವು. ಆತ ಕೆಲವೇ ದಿನಗಳಲ್ಲಿ ಮನೆ ಬಿಟ್ಟ. ಮಾಲೀಕನ ಕಡೆಯವರು ಉಳಿದ ಬಾಡಿಗೆಗೆ ದಾವೆ ಹೂಡಿದರು. ಪೀಠೋಪಕರಣ ಸಹಿತ ಕೊಟ್ಟ ಮನೆ ವಾಸಕ್ಕೆ ಯೋಗ್ಯವಾಗಿರಬೇಕು ಎಂಬುದು ಹೇಳದೆಯೂ ಇರುವ ಷರತ್ತು ಎಂದು ನ್ಯಾಯಾಲಯ ಬಾಡಿಗೆದಾರನ ಪರ ನಿಂತಿತು. ಪೀಠೋಪಕರಣವಿಲ್ಲದ ಮನೆಗೆ ಇದು ಅನ್ವಯಿಸದೆಂದು ಅದೇ ವರ್ಷ ಸ್ಪಷ್ಟವೂ ಆಯಿತು. ಅಂದರೆ ಸೋಫಾದಲ್ಲಿ ವಾಸಿಸುವ ತಿಗಣೆಗೂ ಗೋಡೆಯ ಬಿರುಕಿನಲ್ಲಿ ವಾಸಿಸುವ ತಿಗಣೆಗೂ ಕಾನೂನಿನಲ್ಲಿ ಸ್ಥಾನಮಾನದ ಅಂತರವಿದೆ. ಬೆಂಗಳೂರಿನಲ್ಲಿ ವಿಶೇಷವಾಗಿ ಪ್ರಚಲಿತವಿರುವ ಸೆಮಿ ಫರ್ನಿಶ್ಡ್ ವರ್ಗವನ್ನು ಆ ತೀರ್ಪು ಊಹಿಸಿರಲಿಲ್ಲ. ಎರಡು ಟ್ಯೂಬ್‌ಲೈಟು, ಒಂದು ಪರದೆ ಸರಳು, ಬಾಗಿಲು ಪೂರ್ತಿ ತೆರೆಯದ ಕಪಾಟು ಇವಿಷ್ಟಿರುವ ಈ ಮನೆಗಳಲ್ಲಿ ತಿಗಣೆಗಳ ಶೇಕಡಾ ಐವತ್ತಕ್ಕೆ ಮಾತ್ರ ಮಾಲೀಕರು ಹೊಣೆ ಎಂಬ ವ್ಯಾಖ್ಯಾನ ತರ್ಕಬದ್ಧವಾಗಿ ತೋರುತ್ತದೆ. ಎಣಿಕೆಯ ಭಾರ ಬಾಡಿಗೆದಾರನದು.

ಕರಾರು ಪತ್ರಕ್ಕೆ ಬರೋಣ. ಅದರ ಅವಧಿ ಹನ್ನೊಂದು ತಿಂಗಳು, ಏಕೆಂದರೆ ಒಂದು ವರ್ಷ ಮೀರುವ ಗೇಣಿಯನ್ನು 1908ರ ನೋಂದಣಿ ಅಧಿನಿಯಮದ 17ನೇ ಕಲಮಿನಂತೆ ನೋಂದಾಯಿಸಲೇಬೇಕು. ಹನ್ನೆರಡನೇ ತಿಂಗಳಿನ ಮೇಲಿನ ಈ ಭಯದಿಂದಾಗಿ ಈ ನಗರದಲ್ಲಿ ಲಕ್ಷಾಂತರ ಸಂಸಾರಗಳ ವರ್ಷಕ್ಕೆ ಹನ್ನೊಂದೇ ತಿಂಗಳು. ಪತ್ರವನ್ನು ಸಾಮಾನ್ಯವಾಗಿ ಜೆರಾಕ್ಸ್ ಅಂಗಡಿಯಲ್ಲಿ, ಹಿಂದಿನ ಯಾವುದೋ ಪತ್ರದ ಮೇಲೆಯೇ ಹೆಸರು ಬದಲಿಸಿ ಸಿದ್ಧಪಡಿಸಲಾಗುತ್ತದೆ. ಮೊದಲ ಪುಟದಲ್ಲಿ ಹೆಸರು ಬದಲಾಗಿರುತ್ತದೆ. ಮೂರನೇ ಪುಟದಲ್ಲಿ ಹಿಂದಿನ ಬಾಡಿಗೆದಾರನೇ ಇನ್ನೂ ವಾಸವಾಗಿದ್ದು, ಸದರಿ ಗೋದಾಮಿನಲ್ಲಿ ಸ್ಫೋಟಕಗಳನ್ನು ದಾಸ್ತಾನು ಮಾಡುವುದಿಲ್ಲವೆಂದು ಒಪ್ಪಿರುತ್ತಾನೆ. ಬಾಡಿಗೆದಾರನು ಮನೆಯನ್ನು ಕೂಲಂಕಷವಾಗಿ ಪರಿಶೀಲಿಸಿ ಸಂಪೂರ್ಣ ತೃಪ್ತನಾಗಿದ್ದಾನೆ ಎಂಬ ವಾಕ್ಯವೂ ಅದರಲ್ಲಿರುತ್ತದೆ. ಮನುಷ್ಯನೊಬ್ಬನು ಸಂಪೂರ್ಣ ತೃಪ್ತಿಯನ್ನು ಲಿಖಿತವಾಗಿ ಘೋಷಿಸುವ ಸಂದರ್ಭ ಸಂತರ ಚರಿತ್ರೆಗಳ ಹೊರಗೆ ಇದೊಂದೇ.

ಲಿಖಿತ ಕರಾರಿಗೆ ವಿರುದ್ಧವಾಗಿ ಬಾಯಿಮಾತಿನ ಸಾಕ್ಷ್ಯ ನಡೆಯುವುದಿಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ ವಂಚನೆಯನ್ನು ಸಾಬೀತುಪಡಿಸಲು ಬಾಯಿಮಾತಿಗೂ ಅವಕಾಶವಿದೆ. ವಾಟ್ಸಾಪ್ ಸಂದೇಶಗಳನ್ನು ಹಾಜರುಪಡಿಸುವುದಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸಬೇಕು. ಬ್ರೋಕರರು ಮುಖ್ಯ ಸಂಗತಿಗಳನ್ನು ಫೋನಿನಲ್ಲಷ್ಟೇ ಹೇಳುತ್ತಾರೆ. ಬರಹದಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಮೇಲೆತ್ತಿದ ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸುತ್ತಾರೆ. ಹೆಬ್ಬೆಟ್ಟನ್ನು ಸಹಿಯೆಂದು ಮಾನ್ಯ ಮಾಡುವ ಸುದೀರ್ಘ ಪರಂಪರೆ ನಮ್ಮ ಕಂದಾಯ ದಾಖಲೆಗಳಲ್ಲಿರುವುದರಿಂದ ಇಲ್ಲಿ ವಾದಕ್ಕೆ ಎಡೆಯಿದೆ.

ಭೋಗ್ಯ, ಅಂದರೆ ಬೆಂಗಳೂರಿಗರು ಲೀಸ್ ಎಂದು ಕರೆಯುವ ಪದ್ಧತಿಯಲ್ಲಿ ತಪ್ಪು ನಿರೂಪಣೆ ಪ್ರೌಢಾವಸ್ಥೆಯನ್ನು ತಲುಪುತ್ತದೆ. ಇಲ್ಲಿ ತಿಂಗಳ ಬಾಡಿಗೆಯಿಲ್ಲ. ಹಲವು ಲಕ್ಷದ ಇಡಿಗಂಟನ್ನು ಕೊಟ್ಟು ಅವಧಿ ಮುಗಿದಾಗ ಮರಳಿ ಪಡೆಯಬೇಕು. ಮನೆ ಹೇಳಿದಂತೆಯೇ ಇರುತ್ತದೆ. ನೀರು ಬರುತ್ತದೆ, ಗೋಡೆ ಒಣಗಿರುತ್ತದೆ. ಮಾಲೀಕರು ಮಾತ್ರ ಮಾಲೀಕರಾಗಿರುವುದಿಲ್ಲ. ಇಡಿಗಂಟನ್ನು ಪಡೆದವರು ಸ್ವತಃ ಬಾಡಿಗೆದಾರರಾಗಿರುವುದೂ, ಮನೆ ಸಾಲಕ್ಕೆ ಅಡವಾಗಿದ್ದು ಬ್ಯಾಂಕಿನ ಹರಾಜು ನೋಟಿಸು ಗೇಟಿಗೆ ಅಂಟುವುದೂ ಉಂಟು. ಇದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆಯಾಗಬಹುದು, ಪೊಲೀಸು ಠಾಣೆಗೆ ಹೋಗತಕ್ಕ ವಿಷಯ. ಹಣ ಕೊಡುವ ಮೊದಲು ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಜಾಲತಾಣದಿಂದ ಪಡೆದು ನೋಡಬೇಕು. ಆ ಜಾಲತಾಣದ ಹೆಸರೂ ಕಾವೇರಿ. 24 ಗಂಟೆ ಕಾವೇರಿ ಎಂದ ಮಾಲೀಕರ ವಕೀಲರು ಇದನ್ನು ಪ್ರತಿವಾದದಲ್ಲಿ ಎತ್ತಿಕೊಂಡರೆ ಆಶ್ಚರ್ಯಪಡಬೇಕಿಲ್ಲ, ಆದರೆ ಅಲ್ಲೂ ಕೆಲವೊಮ್ಮೆ ಸರ್ವರ್ ಬರುವುದಿಲ್ಲ.

ಪರಿಹಾರಗಳಲ್ಲಿ ಅತ್ಯಂತ ಭವ್ಯವಾದುದು 19ನೇ ಕಲಮಿನ ಎರಡನೇ ಭಾಗದಲ್ಲಿದ್ದು, ಬಾಡಿಗೆದಾರರು ಅದನ್ನು ಬಳಸಿಕೊಂಡಂತೆ ಕಾಣುವುದಿಲ್ಲ. ಮೋಸ ಹೋದವನು ಕರಾರನ್ನು ಮುರಿಯದೆ ಉಳಿಸಿಕೊಂಡು, ಹೇಳಿಕೆಗಳು ನಿಜವಾಗಿದ್ದರೆ ತಾನು ಯಾವ ಸ್ಥಿತಿಯಲ್ಲಿರುತ್ತಿದ್ದೆನೋ ಆ ಸ್ಥಿತಿಯಲ್ಲಿ ತನ್ನನ್ನು ಇರಿಸಬೇಕೆಂದು ಒತ್ತಾಯಿಸಬಹುದು. ಐದು ನಿಮಿಷದ ಮೆಟ್ರೋ ಎಂದು ನಂಬಿಸಿದ್ದರೆ, ಮಾಲೀಕರು ನಿಲ್ದಾಣವನ್ನು ಹತ್ತಿರಕ್ಕೆ ತರಬೇಕು, ಇಲ್ಲವೇ ಮನೆಯನ್ನು ಅತ್ತ ಸರಿಸಬೇಕು. ಎರಡಕ್ಕೂ ಭೂಸ್ವಾಧೀನ ಬೇಕಾಗುವುದರಿಂದ ಮಾಲೀಕರಿಗೆ ಯುಕ್ತ ಕಾಲಾವಕಾಶ ಕೊಡುವುದು ನ್ಯಾಯ. ರದ್ದುಪಡಿಸುವವರು ವಿಳಂಬ ಮಾಡಬಾರದು. ನಿಜ ತಿಳಿದ ಮೇಲೂ ಮನೆಯಲ್ಲೇ ಇದ್ದರೆ ಕರಾರನ್ನು ಒಪ್ಪಿಕೊಂಡಂತೆ. ಪ್ರವೇಶದ ದಿನ ಹಾಲು ಉಕ್ಕಿಸುವ ಸಂಪ್ರದಾಯವು ಈ ದೃಷ್ಟಿಯಿಂದ ಅಪಾಯಕಾರಿ. ಗ್ಯಾಸಿನ ಪೈಪಿನ ಬಳಿ ಜಿರಲೆಯನ್ನು ಕಂಡ ಮೇಲೂ ಹಾಲನ್ನು ಉಕ್ಕಲು ಬಿಟ್ಟರೆ ಸ್ಥಿರೀಕರಣ ಪೂರ್ಣವಾಗುತ್ತದೆ. ಉಕ್ಕುವ ಮುನ್ನ ಒಲೆ ಆರಿಸಿದರೆ ಹಕ್ಕು ಉಳಿಯುತ್ತದೆ, ಅತ್ತೆಯವರು ಉಳಿಯುವುದಿಲ್ಲ. ರದ್ದಾದಾಗ ಎರಡೂ ಕಡೆಯವರು ಪಡೆದ ಲಾಭವನ್ನು ಹಿಂದಿರುಗಿಸಬೇಕೆಂದು ಅದೇ ಅಧಿನಿಯಮದ 64 ಮತ್ತು 65ನೇ ಕಲಂಗಳು ವಿಧಿಸುತ್ತವೆ. ಮಾಲೀಕರು ಅಡ್ವಾನ್ಸನ್ನೂ, ಬಾಡಿಗೆದಾರನು ತಾನು ಪಡೆದ ಗಾಳಿ ಬೆಳಕನ್ನೂ ವಾಪಸು ಕೊಡತಕ್ಕದ್ದು.

ದುರಸ್ತಿಯ ಹಕ್ಕು ಇನ್ನಷ್ಟು ಸರಳ. ಮಾಲೀಕರ ಹೊಣೆಯಾದ ದುರಸ್ತಿಯನ್ನು ತಿಳುವಳಿಕೆ ಕೊಟ್ಟ ಮೇಲೂ ಯುಕ್ತ ಕಾಲದಲ್ಲಿ ಅವರು ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ವೆಚ್ಚವನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು ಎಂದು 108ನೇ ಕಲಮಿನ (ಎಫ್) ಉಪಬಂಧ ಹೇಳುತ್ತದೆ. ಇದನ್ನು ಮಾಲೀಕರಿಗೆ ಓದಿ ಹೇಳಿದಾಗ, ಅವರ ಮಗ ಮುಂದಿನ ತಿಂಗಳೇ ಅಮೆರಿಕದಿಂದ ಶಾಶ್ವತವಾಗಿ ಹಿಂದಿರುಗುತ್ತಿದ್ದು ಅದೇ ಮನೆ ಅವನಿಗೆ ಬೇಕಾಗಿದೆ ಎಂಬುದು ತಿಳಿದುಬರುತ್ತದೆ.

1999ರ ಕರ್ನಾಟಕ ಬಾಡಿಗೆ ಅಧಿನಿಯಮದಲ್ಲೂ ಬಾಡಿಗೆದಾರನಿಗೆ ರಕ್ಷಣೆಗಳಿವೆ, ಆದರೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಇಂದು ಆ ಮೊತ್ತಕ್ಕೆ ನಗರದ ಒಳಭಾಗದಲ್ಲಿ ಸ್ಕೂಟರು ನಿಲ್ಲಿಸುವಷ್ಟು ಜಾಗ ದೊರೆಯುತ್ತದೆ. ಕಾಯ್ದೆಯ ಪೂರ್ಣ ರಕ್ಷಣೆ ಸ್ಕೂಟರಿಗೆ ಲಭಿಸುತ್ತದೆ, ಅದರ ಒಡೆಯನಿಗಲ್ಲ. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದೆನ್ನುತ್ತದೆ. ಅದು ಮಾದರಿ ಮಾತ್ರ. ಒಪ್ಪುವುದು ಬಿಡುವುದು ರಾಜ್ಯಗಳಿಗೆ ಬಿಟ್ಟದ್ದು. ಇಲ್ಲಿ ಬಹುಕಾಲದಿಂದ ನಡೆದು ಬಂದದ್ದು ಹತ್ತು ತಿಂಗಳು. ಹನ್ನೊಂದು ತಿಂಗಳ ಕರಾರಿಗೆ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವನು ಮನೆಗೆ ಕಾಲಿಡುವ ಮೊದಲೇ ಬಹುಪಾಲು ವಾಸವನ್ನು ಪೂರೈಸಿರುತ್ತಾನೆ. ಈ ಅಂಕಗಣಿತದಿಂದಲೇ, ಯಾವ ಗ್ರಂಥದಲ್ಲೂ ಇಲ್ಲದ, ಯಾವ ವಕೀಲರೂ ಶಿಫಾರಸು ಮಾಡದ, ಆದರೆ ನಗರದಲ್ಲಿ ನಿಜವಾಗಿ ಬಳಕೆಯಲ್ಲಿರುವ ಪರಿಹಾರವೊಂದು ಹುಟ್ಟಿದೆ. 'ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ' ಎಂಬುದು ಅದರ ಪೂರ್ಣ ಪಾಠ. ಬಾಡಿಗೆ ಕೊಡುವುದನ್ನು ನಿಲ್ಲಿಸಿದ ದಿನದಿಂದ ಮಾಲೀಕರು ಪ್ರತಿದಿನ ಮೇಲೆ ಬಂದು ಮನೆಯ ಕ್ಷೇಮ ವಿಚಾರಿಸುತ್ತಾರೆ, ಪ್ಲಂಬರರೂ ಬರುತ್ತಾರೆ.

ಔಪಚಾರಿಕ ಮಾರ್ಗವನ್ನೇ ಹಿಡಿಯುವವರು ನೋಟಿಸು ಕೊಡಬೇಕು. ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು ಕರಾರಿನಲ್ಲಿ ಬೇರೆ ಹೇಳಿಲ್ಲದಿದ್ದರೆ 1882ರ ಅಧಿನಿಯಮದ 106ನೇ ಕಲಮಿನಂತೆ ಹದಿನೈದು ದಿನ ಸಾಕು. ಮೂರನೇ ಮಹಡಿಯಿಂದ ಹೊರಟ ನೋಟಿಸು ಅಂಚೆ ಕಚೇರಿಗೆ ಹೋಗಿ ವಿಂಗಡಣೆಗೊಂಡು ನೆಲ ಅಂತಸ್ತಿಗೆ ಬಂದು ಸೇರುತ್ತದೆ. ಅಲ್ಲಿಯ ತನಕ ಉಭಯ ಪಕ್ಷಕಾರರು ಬೆಳಗ್ಗೆ ಹಾಲಿನವನ ಮುಂದೆ ಭೇಟಿಯಾದಾಗ, ಹಕ್ಕುಬಾಧ್ಯತೆಗಳಿಗೆ ಚ್ಯುತಿಯಿಲ್ಲದಂತೆ, 'ತಿಂಡಿ ಆಯ್ತಾ?' ಎಂದು ವಿಚಾರಿಸಿಕೊಳ್ಳಬಹುದು. ಹದಿನೈದು ದಿನಗಳ ನಡುವೆ ಆಷಾಢ ಬಂದರೆ ದಿನಗಳ ಎಣಿಕೆ ನಿಲ್ಲುವುದಿಲ್ಲ, ಮನೆ ಬದಲಾವಣೆ ನಿಲ್ಲುತ್ತದೆ. ಕಾಯ್ದೆ ಮತ್ತು ಪಂಚಾಂಗದ ಈ ಸಂಘರ್ಷದಲ್ಲಿ ಈವರೆಗೆ ಪಂಚಾಂಗ ಸೋತಿಲ್ಲ.

ಕಡೆಯದು ಲೆಕ್ಕ ತೀರುವಳಿ. ಸುಣ್ಣ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿಯುವುದು ವಾಡಿಕೆ. ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲವೆಂದು 108ನೇ ಕಲಂ ಹೇಳಿದರೂ, ಕ್ಯಾಲೆಂಡರಿನ ಮೊಳೆ ಸವೆತವಲ್ಲ, ಗಾಯ ಎಂಬುದು ಮಾಲೀಕರ ವಾದ. ಗೋಡೆಯ ತೂತುಗಳನ್ನು ಎಣಿಸಿ ಪಟ್ಟಿ ಮಾಡಲಾಗುತ್ತದೆ. ಅವುಗಳಲ್ಲಿ ತಾನು ಹೊಡೆದವು ಎಷ್ಟು, ಬರುವ ಮೊದಲೇ ಇದ್ದವು ಎಷ್ಟು ಎಂದು ಸ್ಥಾಪಿಸಬೇಕಾದವನು ಬಾಡಿಗೆದಾರ. ಇದಕ್ಕೆ ಸಾಕ್ಷಿ ಹೇಳಬಲ್ಲವನು ಹಿಂದಿನ ಬಾಡಿಗೆದಾರನೊಬ್ಬನೇ. ಅವನ ಅಡ್ವಾನ್ಸ್ ಎಂದೋ ಕೈ ಸೇರಿದೆ. ಅವನು ಫೋನ್ ಎತ್ತುವುದಿಲ್ಲ.